ಮೂರು ಕಡೆ ಮೂರು ಲೆಕ್ಕ

ಹೋದ ಭಾನುವಾರ ರಾತ್ರಿ ಒಂಬತ್ತೂವರೆಗೆ ಮೊಮ್ಮಗಳು ದಾವಣಗೆರೆಯಿಂದ ಬಂದಳು. ಒಂದು ಕೈಯಲ್ಲಿ ಹೊನ್ನಾಳಿಯಲ್ಲಿ ಬಸ್ಸು ಬದಲಿಸುವಾಗ ಕೊಂಡ ಮಂಡಕ್ಕಿ ಪೊಟ್ಟಣ, ಇನ್ನೊಂದು ಕೈಯಲ್ಲಿ ಕರ್ಚೀಫಿನಲ್ಲಿ ಗಂಟು ಕಟ್ಟಿದ ಏನೋ ಒಂದು. ಪೊಟ್ಟಣವನ್ನು ನನ್ನ ಕೈಗೆ ಕೊಟ್ಟಳು. ಗಂಟನ್ನು ದೇವರ ಗೂಡಿನ ಪಕ್ಕ ಕುಕ್ಕಿ, ಕೈಕಾಲು ಸಹ ತೊಳೆಯದೆ ಹೋಗಿ ಮಲಗಿಬಿಟ್ಟಳು. ನಮ್ಮ ಮನೆಯಲ್ಲಿ ಮಂಡಕ್ಕಿ ಬಂದ ದಿನ ಯಾರೂ ಹಾಗೆ ಮಲಗಿದ್ದಿಲ್ಲ. ಏನೋ ಆಗಿದೆ ಎಂದು ಆಗಲೇ ತಿಳಿಯಿತು.

ಬೆಳಿಗ್ಗೆ ಗಂಟು ಬಿಚ್ಚಿ ನೋಡಿದೆ. ಬೆಳ್ಳಿ ಪದಕ. ಬೆಳ್ಳಿ ಬಣ್ಣದ್ದು ಅನ್ನಿ.

ನನ್ನ ಅಂಕಣ ಓದುವ ಮಕ್ಕಳಿಗೆ ಈಕೆ ಹೊಸಬಳಲ್ಲ. ಎಂಟನೇ ತರಗತಿ, ಎರಡು ವರ್ಷದಿಂದ ಕಿಕ್‌ಬಾಕ್ಸಿಂಗ್ ಕಲಿಯುತ್ತಿದ್ದಾಳೆ. ಬೆಳಿಗ್ಗೆ ಐದೂವರೆಗೆ ನನ್ನನ್ನು ಎಬ್ಬಿಸಿ ಗೇಟು ತೆಗೆಸಿಕೊಂಡು ಹೋಗುವವಳು. ಆ ಸೋಮವಾರ ಎಬ್ಬಿಸಲಿಲ್ಲ. ಏಳು ಗಂಟೆಗೆ ಕಾಫಿ ಲೋಟ ಹಿಡಿದು ಜಗುಲಿಗೆ ಬಂದು ಕೂತಳು.

‘ಮೂರು ಜನ ಜಡ್ಜ್ ಇದ್ರು ಅಜ್ಜಾ. ಒಬ್ರು ನಾನು ಗೆದ್ದೆ ಅಂದ್ರು. ಇಬ್ರು ಅವಳು ಗೆದ್ಲು ಅಂದ್ರು. ನೀವು ಬ್ಯಾಂಕಲ್ಲಿ ನೂರು ನೋಟಿನ ಕಟ್ಟು ಎಣಿಸ್ತಿದ್ರಲ್ಲ, ಮೂರು ಜನ ಎಣಿಸಿದ್ರೂ ನೂರೇ ತಾನೆ ಬರೋದು? ಇಲ್ಲಿ ಮಾತ್ರ ಯಾಕೆ ಬೇರೆ ಬೇರೆ ಬರುತ್ತೆ? ಇನ್ಮೇಲೆ ನಾನು ಹೋಗಲ್ಲ.’

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕಿಕ್ಕೂ ಗೊತ್ತಿಲ್ಲ, ಬಾಕ್ಸಿಂಗೂ ಗೊತ್ತಿಲ್ಲ. ಆದರೆ ಎಣಿಸುವುದು ಗೊತ್ತು. ಮೊದಲು ಅವಳ ಒಂದು ತಪ್ಪನ್ನು ತಿದ್ದಿದೆ. ನೂರು ನೋಟಿನ ಕಟ್ಟನ್ನು ಮೂರು ಜನ ಎಣಿಸಿದರೆ ಮೂರು ಸಲವೂ ನೂರೇ ಬರುತ್ತದೆಂಬುದು ಕೌಂಟರಿನ ಹೊರಗೆ ನಿಂತವರ ನಂಬಿಕೆ. ಒಳಗೆ ಕೂತವನಿಗೆ ತೊಂಬತ್ತೊಂಬತ್ತೂ ಬರುತ್ತದೆ, ನೂರಾ ಒಂದೂ ಬರುತ್ತದೆ. ಹೊಸ ನೋಟು ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಹಳೆಯದು ಮಡಿಚಿಕೊಂಡಿರುತ್ತದೆ, ಸ್ಪಂಜಿನ ಡಬ್ಬಿ ಒಣಗಿರುತ್ತದೆ, ಎದುರಿಗೆ ನಿಂತವರು ಮಗಳ ಮದುವೆ ವಿಷಯ ಹೇಳುತ್ತಿರುತ್ತಾರೆ. ಅದಕ್ಕೇ ಎರಡನೆಯವನೊಬ್ಬ ಮತ್ತೆ ಎಣಿಸುತ್ತಿದ್ದ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದ್ದ ಹಿರಿಯ ಕ್ಯಾಷಿಯರು ಒಂದು ಕ್ರಮ ಇಟ್ಟಿದ್ದರು. ಮೊದಲು ಎಣಿಸಿದವನು ತನಗೆ ಎಷ್ಟು ಬಂತೆಂದು ಎರಡನೆಯವನಿಗೆ ಹೇಳಕೂಡದು. ಹೇಳಿದರೆ ಎರಡನೆಯವನ ಬೆರಳು ಆ ಅಂಕಿಯ ಕಡೆಗೇ ಓಡುತ್ತದೆ ಅನ್ನುತ್ತಿದ್ದರು.

ಮೂರು ಜಡ್ಜ್‌ಗಳನ್ನು ಅಂಕಣದ ಮೂರು ಬೇರೆ ಬೇರೆ ಬದಿಯಲ್ಲಿ, ಒಬ್ಬರಿಗೊಬ್ಬರು ಮಾತಾಡಲಾಗದಷ್ಟು ದೂರದಲ್ಲಿ ಕೂರಿಸುವುದು ಇದೇ ಕಾರಣಕ್ಕೆ. ಇನ್ನೊಂದು ಕಾರಣವೂ ಉಂಟು. ಇಬ್ಬರು ಹೊಡೆದಾಡುವಾಗ ಒಬ್ಬರ ಬೆನ್ನು ಯಾವಾಗಲೂ ಯಾರಾದರೊಬ್ಬ ಜಡ್ಜ್‌ನ ಕಡೆಗೆ ಇರುತ್ತದೆ. ಆ ಬೆನ್ನಿನ ಆಚೆ ಬಿದ್ದ ಏಟು ಅವರಿಗೆ ಕಾಣುವುದಿಲ್ಲ. ಎದುರು ಬದಿಯವರಿಗೆ ಕಾಣುತ್ತದೆ. ಮೂವರ ಲೆಕ್ಕ ಒಂದೇ ಬಂದರೆ ಸಂತೋಷ. ಬರದಿದ್ದರೆ ಮೂವರಲ್ಲೊಬ್ಬ ಕಳ್ಳ ಎಂದು ಅರ್ಥವಲ್ಲ.

‘ಹಂಗಾದ್ರೆ ಕುಸ್ತಿಯೇ ವಾಸಿ’ ಅಂದಳು.

ಅದು ಒಂದು ರೀತಿಯಲ್ಲಿ ಸರಿ. ನಮ್ಮ ಕಡೆ ಹುಟ್ಟಿದವರಿಗೆ ಕುಸ್ತಿ ಹೇಳಿಕೊಡಬೇಕಾಗಿಲ್ಲ. ದಾವಣಗೆರೆ ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿಗೆ ನಮ್ಮಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದ ನೆನಪಿದೆ. ಕೆಂಪು ಮಣ್ಣು, ಹಲಗೆ ಸದ್ದು, ಬೆವರಿನ ವಾಸನೆ. ಬೆನ್ನು ಮಣ್ಣಿಗೆ ಹತ್ತಿತೋ, ಚಿತ್, ಮುಗಿಯಿತು. ಸುತ್ತ ಕೂತ ಸಾವಿರ ಜನಕ್ಕೂ ಕಾಣುತ್ತದೆ, ಎದ್ದವನ ಬೆನ್ನಿನ ಮೇಲೆ ಮಣ್ಣೇ ಸಾಕ್ಷಿ ಹೇಳುತ್ತದೆ. ಇಬ್ಬರೂ ಬೀಳದಿದ್ದರೆ ಸಮ ಎಂದು ಇಬ್ಬರ ಕೈಯನ್ನೂ ಎತ್ತಿ ಕಳಿಸುತ್ತಿದ್ದರು. ಅಂಕ ಬರೆಯುವ ಕಾಗದವನ್ನೇ ನಾನು ಅಲ್ಲಿ ಕಂಡಿಲ್ಲ. ಹೊಡೆತದ ಆಟಗಳಲ್ಲಿ ಈ ಅನುಕೂಲ ಇಲ್ಲ. ಮುಷ್ಟಿ ಹೋಗಿ ತಾಗಿ ವಾಪಸ್ಸು ಬರುವುದು ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ. ಗುರುತು ಉಳಿಯುವುದಿಲ್ಲ, ಮಕ್ಕಳ ಆಟದಲ್ಲಂತೂ ಗುರುತು ಉಳಿಯಲೂ ಬಾರದು.

ಮಕ್ಕಳೇ, ಕಿಕ್‌ಬಾಕ್ಸಿಂಗ್ ಎಂದರೆ ಒಂದೇ ಆಟವಲ್ಲ. ಇದು ನನಗೂ ಮೊಮ್ಮಗಳಿಂದ ತಿಳಿದದ್ದು. ವಾಕೋ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಇದೆ, 1976ರಲ್ಲಿ ಹುಟ್ಟಿದ್ದು. 2021ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದಕ್ಕೆ ಪೂರ್ಣ ಮಾನ್ಯತೆ ಕೊಟ್ಟಿತು. ಅದರ ನಿಯಮದಲ್ಲಿ ಚಾಪೆಯ ಮೇಲೆ ಆಡುವ ಬಗೆಗಳು ಬೇರೆ, ಹಗ್ಗ ಕಟ್ಟಿದ ರಿಂಗಿನಲ್ಲಿ ಆಡುವ ಬಗೆಗಳು ಬೇರೆ. ಚಾಪೆಯ ಆಟದಲ್ಲಿ ಪಾಯಿಂಟ್ ಫೈಟಿಂಗ್ ಎಂಬುದೊಂದಿದೆ. ಒಂದು ಏಟು ತಾಗಿದ ಕೂಡಲೇ ರೆಫರಿ ‘ಸ್ಟಾಪ್’ ಅನ್ನುತ್ತಾನೆ, ಆಟ ನಿಲ್ಲುತ್ತದೆ, ತೀರ್ಪುಗಾರರು ಬೆರಳು ತೋರಿಸುತ್ತಾರೆ. ಮೂವರಲ್ಲಿ ಇಬ್ಬರು ಒಪ್ಪಿದರೆ ಅಂಕ. ಕೈಯೇಟಿಗೆ ಒಂದು, ಮೈಗೆ ಒದ್ದರೆ ಒಂದು, ತಲೆಗೆ ಒದ್ದರೆ ಎರಡು, ಹಾರಿ ಮೈಗೆ ಒದ್ದರೆ ಎರಡು, ಹಾರಿ ತಲೆಗೆ ಒದ್ದರೆ ಮೂರು. ಕಷ್ಟದ ಕೆಲಸಕ್ಕೆ ಹೆಚ್ಚು ಬಡ್ಡಿ, ಫಿಕ್ಸೆಡ್ ಡಿಪಾಸಿಟ್ಟಿನ ಹಾಗೆ. ಇದು ನೋಡುವವರಿಗೂ ಅರ್ಥವಾಗುವ ಆಟ.

ನನ್ನ ಮೊಮ್ಮಗಳು ಆಡಿದ್ದು ಲೈಟ್ ಕಾಂಟ್ಯಾಕ್ಟ್. ಇಲ್ಲಿ ಪ್ರತಿ ಏಟಿಗೂ ನಿಲ್ಲಿಸುವುದಿಲ್ಲ, ಆಟ ಓಡುತ್ತಲೇ ಇರುತ್ತದೆ. ಮೂವರು ಜಡ್ಜ್‌ಗಳ ಕೈಯಲ್ಲೂ ಕೆಂಪಿಗೊಂದು ನೀಲಿಗೊಂದು ಗುಂಡಿ. ತಾಗಿದ ಏಟಿಗೆ ಒತ್ತುತ್ತಾ ಹೋಗಬೇಕು. ಕಂಪ್ಯೂಟರ್ ಇಲ್ಲದ ಕಡೆ ಬಸ್ಸಿನ ಪ್ರಯಾಣಿಕರನ್ನು ಎಣಿಸುವ ಕ್ಲಿಕ್ಕರ್ ಇರುತ್ತದಲ್ಲ, ಅಂಥದ್ದು ಎರಡು ಕೈಗೆ ಎರಡು. ತಾಗಿದ್ದೆಲ್ಲ ಲೆಕ್ಕಕ್ಕಿಲ್ಲ. ಎದುರಾಳಿ ಕೈಯಿಂದ ತಡೆದಿದ್ದರೆ ಇಲ್ಲ. ಗ್ಲೌಸಿನ ಒಳಮೈಯಿಂದ ತಟ್ಟಿದರೆ ಇಲ್ಲ. ಎಲ್ಲೋ ನೋಡುತ್ತಾ ಬೀಸಿದ್ದು ಅದೃಷ್ಟಕ್ಕೆ ತಾಗಿದರೆ ಅದೂ ಇಲ್ಲ, ಹೊಡೆಯುವ ಜಾಗವನ್ನು ನೋಡಿ ಹೊಡೆದಿರಬೇಕು. ಎಲ್ಲಕ್ಕಿಂತ ಮುಖ್ಯ, ಜೋರಾಗಿ ಹೊಡೆಯಬಾರದು. ಲೈಟ್ ಎಂಬ ಮಾತು ಹೆಸರಿಗಷ್ಟೇ ಇರುವುದಲ್ಲ. ಬಲ ಮಿತಿ ಮೀರಿದರೆ ಎಚ್ಚರಿಕೆ, ಎಚ್ಚರಿಕೆಯ ಮೇಲೆ ಎಚ್ಚರಿಕೆ ಬಿದ್ದರೆ ಅಂಕ ಕಡಿತ, ಕೊನೆಗೆ ಆಟದಿಂದಲೇ ಹೊರಗೆ. ಗೆಲ್ಲುವವರೆಗೂ ಹೊಡೆ, ಆದರೆ ನೋಯಿಸಬೇಡ ಎಂದು ಹದಿಮೂರು ವರ್ಷದವರಿಗೆ ಹೇಳಿಕೊಡುವ ಗುರುಗಳ ಬಗ್ಗೆ ನನಗೆ ಗೌರವವಿದೆ.

ದೊಡ್ಡವರ ವೃತ್ತಿಪರ ರಿಂಗಿನಲ್ಲಿ ಲೆಕ್ಕದ ಪದ್ಧತಿಯೇ ಬೇರೆ. 1993ರಲ್ಲಿ ಜಪಾನಿನಲ್ಲಿ ಶುರುವಾದ ಕೆ-1 ಪಂದ್ಯಗಳಲ್ಲಿ ಒಂದೊಂದು ಏಟನ್ನು ಎಣಿಸುವುದಿಲ್ಲ. ಸುತ್ತು ಮುಗಿದ ಮೇಲೆ ಮೇಲುಗೈಯಾದವನಿಗೆ 10, ಇನ್ನೊಬ್ಬನಿಗೆ 9. ನೆಲಕ್ಕೆ ಬಿದ್ದು ಎದ್ದಿದ್ದರೆ 8. ಬಾಕ್ಸಿಂಗಿನಿಂದ ಬಂದ ಕ್ರಮ ಇದು. ಥಾಯ್ಲೆಂಡಿನ ಮುಯ್ ಥಾಯ್‌ನಲ್ಲಿ ಐದು ಸುತ್ತು. ಅಲ್ಲಿಯ ಜಡ್ಜ್‌ಗಳಿಗೆ ಕೈಯೇಟಿಗಿಂತ ಒದೆತ, ಮೊಣಕಾಲಿನ ಏಟು ಹೆಚ್ಚು, ಒದೆಯುವಾಗ ಮೈ ವಾಲಬಾರದು. ಮೊದಲ ಸುತ್ತುಗಳು ಒಬ್ಬರನ್ನೊಬ್ಬರು ಅಳೆಯುವುದರಲ್ಲೇ ಹೋಗುತ್ತವೆ, ಕೊನೆಯವು ತೀರ್ಮಾನ ಮಾಡುತ್ತವೆ. ಅಮೆರಿಕದಲ್ಲಿ ಈ ಆಟ ಮೊದಮೊದಲು ಬಂದಾಗ ಎಲ್ಲರೂ ಕಾಲನ್ನು ಮರೆತು ಬರೀ ಕೈಯಲ್ಲೇ ಬಡಿದಾಡುತ್ತಿದ್ದರಂತೆ. ಅದಕ್ಕೆ ಅಲ್ಲಿಯ ಒಂದು ಸಂಸ್ಥೆ ಒಂದು ಸುತ್ತಿಗೆ ಕನಿಷ್ಠ ಎಂಟು ಒದೆತ ಎಂದು ಗೊತ್ತುಮಾಡಿ, ಒದೆತ ಎಣಿಸುವುದಕ್ಕೇ ಒಬ್ಬರನ್ನು ಕೂರಿಸಿತು. ನನಗೆ ನಮ್ಮ ಡಿಪಾಸಿಟ್ ಟಾರ್ಗೆಟ್ಟು ನೆನಪಾಯಿತು. ಮಾರ್ಚ್ ಕೊನೆಯ ವಾರದಲ್ಲಿ ನಾವೂ ಹೀಗೇ ಗಾಳಿಗೆ ಒದೆಯುತ್ತಿದ್ದೆವು.

ಇಲ್ಲಿ ಅಪ್ಪ ಅಮ್ಮಂದಿರಿಗೆ ಒಂದು ಮಾತು. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ರಾಜ್ಯಮಟ್ಟದ ಕೆ-1 ಪಂದ್ಯದಲ್ಲಿ ಮೈಸೂರಿನ 23 ವರ್ಷದ ಹುಡುಗನೊಬ್ಬ ಏಟು ತಿಂದು ಬಿದ್ದವನು ಮತ್ತೆ ಏಳಲಿಲ್ಲ, ಎರಡು ಮೂರು ದಿನದಲ್ಲಿ ತೀರಿಕೊಂಡ. ಪೇಪರಿನಲ್ಲಿ ಓದಿದ ದಿನ ನಾನು ಮೊಮ್ಮಗಳ ಹೆಸರು ತೆಗೆಸಿಬಿಡೋಣ ಎಂದೇ ಮಗನಿಗೆ ಹೇಳಿದ್ದೆ, ಆಗಿನ್ನೂ ಅವಳು ಸೇರುವ ಮಾತಷ್ಟೇ ನಡೆದಿತ್ತು. ಮಗ ಕೇಳಲಿಲ್ಲ. ಬದಲಿಗೆ ಪ್ರತಿ ಪಂದ್ಯಕ್ಕೆ ಮೊದಲು ನಾಲ್ಕು ಪ್ರಶ್ನೆ ಕೇಳುತ್ತಾನೆ. ಡಾಕ್ಟರ್ ಯಾರು? ಆಂಬುಲೆನ್ಸ್ ಎಲ್ಲಿ ನಿಂತಿದೆ? ತಲೆಗೆ, ಬಾಯಿಗೆ, ಕಣಕಾಲಿಗೆ ಗಾರ್ಡ್ ಇದೆಯೇ? ರೆಫರಿ ಯಾರು? ಜಡ್ಜ್ ಕೂತು ಎಣಿಸುವವನು, ರೆಫರಿ ನಿಂತು ಕಾಯುವವನು. ಅಂಕ ಎಷ್ಟೇ ಇರಲಿ, ಆಟ ಸಾಕು ಎಂದು ನಿಲ್ಲಿಸುವ ಅಧಿಕಾರ ಅವನದು. ನನ್ನ ಕೇಳಿದರೆ ಜಡ್ಜ್ ಕೊಂಚ ಮಂದನಾದರೂ ನಡೆದೀತು, ರೆಫರಿ ಮಂದನಾಗಕೂಡದು.

ಮತ್ತೆ ಜಗುಲಿಗೆ ಬರೋಣ. ‘ಒಬ್ಬರು ನಾನು ಗೆದ್ದೆ ಅಂದ್ರಲ್ಲ’ ಎಂಬುದು ಅವಳ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ನಾನು ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಹಿಂಭಾಗದಲ್ಲಿ ಚೌಕ ಎಳೆದೆ. ಅಡ್ಡಕ್ಕೆ ಐದು ಮನೆ, ಉದ್ದಕ್ಕೆ ಮೂರು.

2021ರ ಜುಲೈ 29. ಟೋಕಿಯೋ ಒಲಿಂಪಿಕ್ಸ್, ಮಹಿಳೆಯರ 51 ಕೆ.ಜಿ. ಬಾಕ್ಸಿಂಗ್. ನಮ್ಮ ಮೇರಿ ಕೋಮ್, ಎದುರಿಗೆ ಕೊಲಂಬಿಯಾದ ಇಂಗ್ರಿಟ್ ವೇಲೆನ್ಸಿಯಾ. ಐವರು ಜಡ್ಜ್‌ಗಳು, ಮೂರು ಸುತ್ತು. ಮೊದಲ ಸುತ್ತಿನಲ್ಲಿ ನಾಲ್ವರು ವೇಲೆನ್ಸಿಯಾ ಕಡೆ, ಒಬ್ಬರು ಮೇರಿ ಕಡೆ. ಎರಡನೆಯ ಸುತ್ತಿನಲ್ಲಿ ಮೂವರು ಮೇರಿ ಕಡೆ, ಇಬ್ಬರು ವೇಲೆನ್ಸಿಯಾ ಕಡೆ. ಮೂರನೆಯದರಲ್ಲೂ ಹಾಗೇ, ಮೂವರು ಮೇರಿ ಕಡೆ. ಮೂರರಲ್ಲಿ ಎರಡು ಸುತ್ತು ಮೇರಿಯದು. ಹಾಗಾದರೆ ಗೆದ್ದವರು ಯಾರು?

‘ಮೇರಿ ಕೋಮ್!’

ಅಲ್ಲ. 3-2ರಿಂದ ಸೋತರು. ರಿಂಗಿನಿಂದ ಇಳಿದು ಉದ್ದೀಪನ ಮದ್ದಿನ ಪರೀಕ್ಷೆಗೆ ಹೋಗುವಾಗಲೂ ಅವರು ತಾನೇ ಗೆದ್ದಿದ್ದೇನೆ ಎಂದುಕೊಂಡು ಸಂತೋಷದಲ್ಲೇ ಇದ್ದರಂತೆ. ಆಮೇಲೆ ಫೋನು ನೋಡಿ, ಕೋಚ್ ಮತ್ತೊಮ್ಮೆ ಹೇಳಿದ ಮೇಲೆ ಗೊತ್ತಾಗಿದ್ದು.

ಮೊಮ್ಮಗಳು ಕಾಫಿ ಲೋಟ ಕೆಳಗಿಟ್ಟಳು. ನಾನು ಮನೆಗಳನ್ನು ತುಂಬುತ್ತಾ ಹೋದೆ. ಗುಟ್ಟು ಇರುವುದು ಇಲ್ಲಿ: ಸುತ್ತಿನ ಒಟ್ಟು ಮತವನ್ನು ಕೂಡುವುದಿಲ್ಲ, ಪ್ರತಿ ಜಡ್ಜ್ ತನ್ನ ಖಾತೆ ತಾನು ಬರೆಯುತ್ತಾನೆ. ಅಡ್ಡ ಕೂಡಿದರೆ ಒಂದು ಉತ್ತರ, ಉದ್ದ ಕೂಡಿದರೆ ಇನ್ನೊಂದು. ಒಬ್ಬರ ಖಾತೆಯಲ್ಲಿ ಮೂರೂ ಸುತ್ತು ವೇಲೆನ್ಸಿಯಾದು, 30-27. ಇಬ್ಬರ ಖಾತೆಯಲ್ಲಿ ಎರಡೆರಡು ಸುತ್ತು ಅವಳದು, 29-28. ಅಲ್ಲಿಗೆ ಮೂರು ಮತ. ಇನ್ನೊಬ್ಬರ ಖಾತೆಯಲ್ಲಿ ಮೂರೂ ಮೇರಿಯದು, ಮತ್ತೊಬ್ಬರಲ್ಲಿ ಎರಡು. ಅದು ಎರಡು ಮತ. ಹದಿನೈದು ಮನೆಗಳಲ್ಲಿ ವೇಲೆನ್ಸಿಯಾಗೆ ಎಂಟು, ಮೇರಿಗೆ ಏಳು. ಮೊದಲ ಸುತ್ತಿನಲ್ಲಿ ಕಳೆದುಕೊಂಡ ನಾಲ್ಕು ಮನೆಯ ಸಾಲವನ್ನು ಆಮೇಲಿನ ಎರಡು ಸುತ್ತು ಸೇರಿ ತೀರಿಸಲಾಗಲಿಲ್ಲ. ನೀವೂ ಮನೆಯಲ್ಲಿ ಹದಿನೈದು ಚೌಕ ಎಳೆದು ತುಂಬಿಸಿ ನೋಡಿ. ಮೂರೂ ಸಾಲಿನ ಲೆಕ್ಕ, ಐದೂ ಕಂಬದ ಲೆಕ್ಕ ಎರಡೂ ಹೊಂದಬೇಕು. ಪೆನ್ಸಿಲ್ ಇರಲಿ, ಮೊದಲ ಸಲಕ್ಕೆ ಬರುವುದಿಲ್ಲ.

‘ಇಷ್ಟೆಲ್ಲ ರಗಳೆ ಯಾಕೆ, ಮಿಷನ್ ಇಡ್ಬಹುದಲ್ಲ?’

ಇಟ್ಟಿದ್ದರು ಕಣವ್ವಾ. ಅದರ ಕತೆ 1988ರ ಸಿಯೋಲ್ ಒಲಿಂಪಿಕ್ಸ್‌ನಿಂದ ಶುರುವಾಗುತ್ತದೆ. ಅಮೆರಿಕದ ಹತ್ತೊಂಬತ್ತು ವರ್ಷದ ರಾಯ್ ಜೋನ್ಸ್, ಆತಿಥೇಯ ದೇಶದ ಪಾರ್ಕ್ ಸಿ-ಹುನ್ ನಡುವೆ ಫೈನಲ್. ಟಿ.ವಿ.ಯವರು ಎಣಿಸಿದ ಪ್ರಕಾರ ಜೋನ್ಸ್‌ನದು 86 ಏಟು ತಾಗಿತ್ತು, ಪಾರ್ಕ್‌ನದು 32. ತೀರ್ಪು ಬಂದದ್ದು 3-2, ಪಾರ್ಕ್ ಗೆದ್ದ ಎಂದು. ಇಡೀ ಕೂಟದ ಶ್ರೇಷ್ಠ ಬಾಕ್ಸರ್‌ಗೆ ಕೊಡುವ ವಾಲ್ ಬಾರ್ಕರ್ ಟ್ರೋಫಿಯನ್ನು ಮಾತ್ರ ಸೋತ ಜೋನ್ಸ್‌ಗೇ ಕೊಟ್ಟರು! ಅಷ್ಟು ದೊಡ್ಡ ಗಲಾಟೆಯಾದ ಮೇಲೆ, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಗುಂಡಿಯ ಯಂತ್ರ ಬಂತು. ಐವರು ಜಡ್ಜ್‌ಗಳಲ್ಲಿ ಮೂವರು ಒಂದೇ ಸೆಕೆಂಡಿನ ಒಳಗೆ ಒತ್ತಿದರೆ ಮಾತ್ರ ಒಂದು ಅಂಕ.

ಕೇಳುವುದಕ್ಕೆ ಚೆನ್ನಾಗಿದೆ, ಅಲ್ಲವೇ? ಒಬ್ಬರ ಬೆರಳು ನಿಧಾನವಾದರೆ ಒಳ್ಳೆಯ ಏಟೂ ಹಾಳು. ಹತ್ತಿರ ನಿಂತು ಹೊಟ್ಟೆಗೆ ಕೊಟ್ಟ ಏಟು ಯಾರಿಗೂ ಕಾಣದು. ಆಟಗಾರರು ಬುದ್ಧಿವಂತರಾದರು, ಎಲ್ಲರಿಗೂ ಕಾಣುವ ಹಾಗೆ ದೂರದಿಂದ ಮುಟ್ಟಿ ಮುಟ್ಟಿ ಓಡುವುದನ್ನು ಕಲಿತರು. ಜಗಳವೂ ನಿಲ್ಲಲಿಲ್ಲ. 2012ರ ಲಂಡನ್‌ನಲ್ಲಿ ನಮ್ಮ ವಿಕಾಸ್ ಕೃಷ್ಣನ್ ಅಮೆರಿಕದ ಎರಲ್ ಸ್ಪೆನ್ಸ್‌ನನ್ನು 13-11ರಿಂದ ಸೋಲಿಸಿದ. ನಾವೆಲ್ಲ ಚಪ್ಪಾಳೆ ತಟ್ಟಿ ಮಲಗಿ ಏಳುವಷ್ಟರಲ್ಲಿ ಅಮೆರಿಕದವರ ದೂರಿನ ಮೇಲೆ ತೀರ್ಪು ತಿರುಗಿತ್ತು. ನಮ್ಮವನು ಮೂರನೆಯ ಸುತ್ತಿನಲ್ಲಿ ಒಂಬತ್ತು ಸಲ ಹಿಡಿದುಕೊಂಡಿದ್ದ, ಎರಡನೆಯದರಲ್ಲಿ ಬಾಯಿಯ ಗಾರ್ಡ್ ಬೇಕೆಂದೇ ಉಗುಳಿದ್ದ, ರೆಫರಿ ಇದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ ಎಂದು ಸ್ಪೆನ್ಸ್‌ಗೆ ನಾಲ್ಕು ಅಂಕ ಸೇರಿಸಿದರು. 15-13. ಯಂತ್ರ ಏಟನ್ನು ಎಣಿಸಬಹುದು, ಯಾವುದು ಏಟು ಎಂದು ಹೇಳಬೇಕಾದವನು ಮನುಷ್ಯನೇ. 2013ರಲ್ಲಿ ಆ ಗುಂಡಿಗಳನ್ನು ಬಿಟ್ಟು ಹತ್ತು ಅಂಕದ ಕ್ರಮಕ್ಕೆ ಹೋದರು. 2016ರ ರಿಯೋದಲ್ಲಿ ಮತ್ತೆ ಎಡವಟ್ಟಾಯಿತು. ಅಲ್ಲಿ ಕೆಲಸ ಮಾಡಿದ 36 ರೆಫರಿ ಮತ್ತು ಜಡ್ಜ್‌ಗಳಲ್ಲಿ ಒಬ್ಬರನ್ನೂ ಟೋಕಿಯೋಗೆ ಕರೆಯಲಿಲ್ಲ.

ಸಿಯೋಲಿನ ಕತೆಗೆ ಒಂದು ಬಾಲ ಉಳಿದಿದೆ. ಮೂವತ್ತೈದು ವರ್ಷ ಕಳೆದ ಮೇಲೆ, 2023ರಲ್ಲಿ ಪಾರ್ಕ್ ಸಿ-ಹುನ್ ಅಮೆರಿಕಕ್ಕೆ ಹೋಗಿ ಆ ಚಿನ್ನದ ಪದಕವನ್ನು ರಾಯ್ ಜೋನ್ಸ್‌ನ ಕೈಗೆ ಕೊಟ್ಟ. ತೀರ್ಪು ಬರೆದವನು ಅವನಲ್ಲ. ಆದರೂ ಅಷ್ಟು ವರ್ಷ ಆ ಪದಕ ಅವನ ಮನೆಯಲ್ಲಿತ್ತು.

ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಕುಗ್ಗಿತೆಂದು ಕಾಣುತ್ತದೆ. ಮೊಮ್ಮಗಳು ಮುಖ ನೋಡಿದಳು. ಅವಳಿಗೆ ಹೇಳದ ಒಂದು ಸಂಗತಿ ನನ್ನ ಬಳಿ ಇತ್ತು. ನಿಮಗೂ ಹೇಳಿರಲಿಲ್ಲ.

ಹೋದ ವರ್ಷ ನಮ್ಮ ನ್ಯಾಮತಿಯಲ್ಲೇ ಮಕ್ಕಳಿಗೊಂದು ಅಭ್ಯಾಸ ಪಂದ್ಯಾಟ ಇಟ್ಟಿದ್ದರು. ಸುತ್ತಲಿನ ಊರುಗಳಿಂದ ಮಕ್ಕಳು ಬಂದಿದ್ದರು, ಶಿಕಾರಿಪುರದ ಕಡೆಯಿಂದಲೂ. ಮೊಮ್ಮಗಳು ಜ್ವರ ಬಂದು ಮನೆಯಲ್ಲಿ ಮಲಗಿದ್ದಳು. ನಾನು ಸುಮ್ಮನೆ ನೋಡಲು ಹೋದವನು. ಬರಬೇಕಾಗಿದ್ದ ಜಡ್ಜ್ ಒಬ್ಬರು ಬರಲಿಲ್ಲ. ಅಲ್ಲಿದ್ದವರೊಬ್ಬರು ‘ನೀವು ಬ್ಯಾಂಕಿನವರು, ಲೆಕ್ಕ ಗೊತ್ತು, ನಿಯತ್ತಿನವರು’ ಎಂದು ಎರಡು ಕ್ಲಿಕ್ಕರ್ ಕೈಗೆ ಕೊಟ್ಟು ಬಾಗಿಲ ಕಡೆಯ ಕುರ್ಚಿಯಲ್ಲಿ ಕೂರಿಸಿದರು. ಹೊಗಳಿದರೆ ನಾನು ಕೂರುವವನೇ. ಬಲಗೈಯಲ್ಲಿ ಕೆಂಪು, ಎಡಗೈಯಲ್ಲಿ ನೀಲಿ.

ಎರಡು ಪಂದ್ಯ ಸಲೀಸಾಗಿ ಹೋಯಿತು. ಮೂರನೆಯದಕ್ಕೆ ಕೆಂಪು ಮೂಲೆಯಲ್ಲಿ ನಮ್ಮ ಬೀದಿಯ ಹುಡುಗಿ. ದಿನಾ ಹಾಲು ತಂದುಕೊಡುವವಳು. ನೀಲಿ ಮೂಲೆಯಲ್ಲಿ ಶಿಕಾರಿಪುರದ ಕಡೆಯ ಹುಡುಗಿ, ತೆಳ್ಳಗೆ, ಉದ್ದ ಕಾಲು. ಎರಡು ಸುತ್ತು ಆಡಿದರು. ನಮ್ಮವಳು ಮುಟ್ಟಿದಾಗಲೆಲ್ಲ ಸಭಾಂಗಣವೇ ‘ಹೋ’ ಅನ್ನುತ್ತಿತ್ತು. ಊರು ನಮ್ಮದಲ್ಲವೇ. ಕೊನೆಗೆ ಒಬ್ಬ ಜಡ್ಜ್‌ನ ಲೆಕ್ಕದಲ್ಲಿ ಕೆಂಪು, ಒಬ್ಬನ ಲೆಕ್ಕದಲ್ಲಿ ನೀಲಿ. ನನ್ನ ಕ್ಲಿಕ್ಕರಿನಲ್ಲಿ ಕೆಂಪು 14, ನೀಲಿ 9. ನಮ್ಮ ಹುಡುಗಿಯ ಕೈ ಮೇಲೆ ಹೋಯಿತು. ನೀಲಿ ಹುಡುಗಿ ನಮ್ಮ ಮೂವರಿಗೂ ಬಗ್ಗಿ ನಮಸ್ಕಾರ ಮಾಡಿ ಇಳಿದುಹೋದಳು.

ಆ ಸಂಜೆ ಹಾಲಿನ ಹುಡುಗಿಯ ಅಣ್ಣ ಫೋನಿನಲ್ಲಿ ತೆಗೆದ ವಿಡಿಯೋ ತೋರಿಸಲು ಬಂದ. ಹೆಮ್ಮೆಯಿಂದಲೇ ತಂದಿದ್ದ. ನಿಧಾನ ಮಾಡಿ ನೋಡಿದೆ. ಮತ್ತೆ ನೋಡಿದೆ. ಕೆಂಪು 11. ನೀಲಿ 13. ಎರಡು ಸಲ ಎಣಿಸಿದರೂ ಕೆಂಪು 12ರ ಮೇಲೆ ಹೋಗಲಿಲ್ಲ. ನೀಲಿ ಹುಡುಗಿ ಎಡಗಾಲಿನಿಂದ ಪಕ್ಕೆಗೆ ಕೊಟ್ಟ ನಾಲ್ಕು ಒದೆತ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಯಾರ ಬೆನ್ನೂ ಅಡ್ಡ ಬಂದಿರಲಿಲ್ಲ. ನನ್ನ ಎದುರಿಗೇ ಆಗಿತ್ತು. ನಾನು ಆ ಹೊತ್ತಿನಲ್ಲಿ ನಮ್ಮ ಹುಡುಗಿಯ ಕೈಯನ್ನು ನೋಡುತ್ತಿದ್ದೆ, ಅದು ತಾಗಲಿ ಎಂದು ಕಾಯುತ್ತಿದ್ದೆ. ಇನ್ನು ಕೆಲವು ಸಲ ಜನ ಕೂಗಿದ್ದಕ್ಕೆ ಗುಂಡಿ ಒತ್ತಿದ್ದೆ, ಏಟು ತಾಗಿರಲಿಲ್ಲ.

ಬ್ಯಾಂಕಿನಲ್ಲಿ ವ್ಯತ್ಯಾಸ ಬಂದರೆ ನಮಗೊಂದು ಉಪಾಯ ಇತ್ತು. ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುವುದು. ಶೇಷ ಉಳಿಯದಿದ್ದರೆ ಎಲ್ಲೋ 54 ಬರೆಯುವಲ್ಲಿ 45 ಎಂದು ಅಂಕಿ ಹಿಂದುಮುಂದಾಗಿರುವ ಸಾಧ್ಯತೆ ಹೆಚ್ಚು. ರಾತ್ರಿ ಹತ್ತಾದರೂ ಹುಡುಕಿ ಸರಿಮಾಡಿಯೇ ಮನೆಗೆ ಹೋಗುತ್ತಿದ್ದೆವು. ಐದು ಪೈಸೆಗೂ ಕೂತಿದ್ದೇವೆ. ಈ ವ್ಯತ್ಯಾಸಕ್ಕೆ ಯಾವ ಉಪಾಯವೂ ಇರಲಿಲ್ಲ. ಮಾರನೆಯ ದಿನ ಪಂದ್ಯ ನಡೆಸಿದವರಿಗೆ ಹೇಳಿದೆ. ‘ಅಭ್ಯಾಸದ ಪಂದ್ಯ ಸಾರ್, ರಿಸಲ್ಟ್ ಆಗಿದೆ, ಬಿಡಿ’ ಎಂದರು. ಬಿಟ್ಟೆ. ಬಿಡುವುದು ಸುಲಭವಾಗಿತ್ತು. ಇನ್ನೊಂದು ಸಲ ಕ್ಲಿಕ್ಕರ್ ಹಿಡಿಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಲೆಕ್ಕ ಮುಗಿಸಿದೆ.

1997ರವರೆಗೆ ನಮ್ಮ ಹೊನ್ನಾಳಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು. ನ್ಯಾಮತಿ ಆಗಿನ್ನೂ ಹೊನ್ನಾಳಿಗೇ ಸೇರಿತ್ತು. ಅಂದರೆ ಆ ನೀಲಿ ಹುಡುಗಿಯೂ ನಾನೂ ಒಂದೇ ಜಿಲ್ಲೆಯವರಾಗುತ್ತಿದ್ದೆವು. ಸರ್ಕಾರ ಒಂದು ಗೆರೆ ಎಳೆದದ್ದಕ್ಕೆ ಅವಳು ಹೊರಗಿನವಳು, ಹಾಲಿನವಳು ನಮ್ಮವಳು.

ಇಷ್ಟನ್ನೂ ಮೊಮ್ಮಗಳಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಎದ್ದುಹೋಗಿ ಅವಳ ಅಪ್ಪನ ಫೋನು ತಂದಳು, ದಾವಣಗೆರೆಯ ಫೈನಲ್ ಅದರಲ್ಲಿತ್ತು. ‘ಎಣಿಸಿ’ ಅಂದಳು. ಇಬ್ಬರೂ ಬೇರೆ ಬೇರೆ ಕೂತು, ಒಬ್ಬರಿಗೊಬ್ಬರು ಹೇಳದೆ, ಕಾಗದದ ಮೇಲೆ ಗೆರೆ ಹಾಕುತ್ತಾ ಎಣಿಸಿದೆವು. ಅವಳಿಗೆ ಅವಳದು 17, ಎದುರಾಳಿಯದು 14 ಬಂತು. ನನಗೆ 15-15. ಜಾಗ ಬದಲಿಸಿ, ಈ ಸಲ ಅವಳು ಎದುರಾಳಿಯನ್ನು ಮಾತ್ರ ನೋಡುವುದು ಎಂದು ಗೊತ್ತುಮಾಡಿಕೊಂಡೆವು. ಎದುರಾಳಿಯದು 16 ಬಂತು. ಸುಮ್ಮನೆ ಕೂತಳು. ಮತ್ತೊಂದು ಸಲ ಹಾಕಿ, ಒಂದು ಜಾಗದಲ್ಲಿ ನಿಲ್ಲಿಸಿ, ‘ಇದು ನನ್ನ ಕೈಗೆ ತಾಗಿ ಜಾರಿದ್ದು. ಇದು ಲೆಕ್ಕಕ್ಕಿಲ್ಲ’ ಅಂದಳು. ಆಮೇಲೆ, ‘ಇದು ಮಾತ್ರ ಸರಿಯಾಗೇ ಬಿದ್ದಿದೆ’ ಎಂದು ಇನ್ನೊಂದನ್ನು ಒಪ್ಪಿಕೊಂಡಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದಳು: ‘ಅಜ್ಜಾ, ಆ ಶಿಕಾರಿಪುರದ ಹುಡುಗಿಗೆ ಹೇಳಿದ್ರಾ?’

ಇಲ್ಲ ಎಂದೆ.

ಅವಳು ಬೇರೇನೂ ಹೇಳಲಿಲ್ಲ. ಅನ್ನಕ್ಕೆ ಸಾರು ಹಾಕಿಕೊಂಡಳು. ನನಗೆ ಮಾತ್ರ ಆ ಅನ್ನ ಇಳಿಯಲಿಲ್ಲ. ಸಂಜೆ ಅವಳ ಕೋಚ್ ಕಡೆಯಿಂದ ಆ ಹುಡುಗಿಯ ತಂದೆಯ ನಂಬರು ಸಿಕ್ಕಿತು. ಹೆಸರು ಹೇಳಿ, ನ್ಯಾಮತಿಯ ಬಾಗಿಲ ಕಡೆ ಕೂತಿದ್ದ ಜಡ್ಜ್ ನಾನೇ ಎಂದು ಹೇಳಿ, ಹೀಗೀಗೆ ಎಂದೆ. ಅವರಿಗೆ ಆ ಪಂದ್ಯವೇ ಸರಿಯಾಗಿ ನೆನಪಿರಲಿಲ್ಲ. ‘ತಡೀರಿ, ಅವಳಿಗೇ ಕೊಡ್ತೀನಿ’ ಎಂದರು.

ಅವಳಿಗೆ ನೆನಪಿತ್ತು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಆ ಕಡೆ ಕೂತೋರಿಗೆ ನನ್ನ ಎಡಗಾಲು ಕಾಣಿಸ್ತಿರ್ಲಿಲ್ಲ ಅಂತ ನಮ್ ಸರ್ ಹೇಳಿದ್ರು’ ಎಂದಳು.

‘ಕಾಣಿಸ್ತಿತ್ತಮ್ಮ. ನಾನು ನೋಡಲಿಲ್ಲ’ ಎಂದೆ.

‘ಹೂಂ’ ಎಂದಳು. ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ, ನಾನೂ ಅದಕ್ಕೆ ಕಾಯಬಾರದಿತ್ತು.

ಅಷ್ಟರಲ್ಲಿ ಮೊಮ್ಮಗಳು ಫೋನು ಕೊಡಿ ಎಂದು ಕೈಚಾಚಿದಳು. ‘ಹಲೋ, ನೀನು ಈಗ ಎಷ್ಟು ಕೆ.ಜಿ.?’ ಎಂದು ಕೇಳುತ್ತಾ ಹಿತ್ತಲಿಗೆ ಹೋದಳು. ಮುಕ್ಕಾಲು ಗಂಟೆ ಬರಲಿಲ್ಲ. ಬಂದವಳು ಇಬ್ಬರದೂ ಒಂದೇ ತೂಕದ ವಿಭಾಗ ಎಂದು ಹೇಳಿ, ಅಲಾರಂ ಐದೂವರೆಗೆ ಇಟ್ಟು, ನನ್ನ ತಲೆದೆಸೆಯಲ್ಲಿ ತಂದಿಟ್ಟಳು.